ಓದುಗರ ಪ್ರಶ್ನೆಗಳಿಗೆ ಉತ್ತರ: ಆರ್ಕೇಡ್ ಬಟನ್, ಟ್ರ್ಯಾಕ್‌ಬಾಲ್ ಮತ್ತು ಅವುಗಳನ್ನು ಕಂಪ್ಯೂಟರ್‌ಗೆ ಸೇರಿಸುವ ಬೋರ್ಡ್

ಹಳೆಯ ಆರ್ಕೇಡ್ ಆಟಗಳಿಗಾಗಿ ಮನೆಯಲ್ಲೇ ಕ್ಯಾಬಿನೆಟ್ ಕಟ್ಟುತ್ತಿರುವ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕಿನ ಸುತ್ತ ಇವೆ. ಮರದ ಕೆಲಸ, ಬಣ್ಣ, ಪರದೆ ಎಲ್ಲವೂ ಸಿದ್ಧವಾದ ಮೇಲೆ ಬಟನ್, ಜಾಯ್‌ಸ್ಟಿಕ್, ಕೈಯಿಂದ ಉರುಳಿಸುವ ಚೆಂಡಾದ ಟ್ರ್ಯಾಕ್‌ಬಾಲ್‌ಗಳ ತಂತಿಗಳು ಬಂದು ಸೇರುವ ಬೋರ್ಡನ್ನು ಹೊಂದಿಸುವಾಗ ಕೆಲಸ ನಿಂತುಹೋಗುತ್ತಿದೆ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ (ಮೈಸೂರು): ನಾನೂ ನನ್ನ ತಮ್ಮನೂ ಸೇರಿ ಇಬ್ಬರು ಆಡುವಂಥ ಕ್ಯಾಬಿನೆಟ್ ಮಾಡುತ್ತಿದ್ದೇವೆ. ಎರಡು ಜಾಯ್‌ಸ್ಟಿಕ್, ಒಬ್ಬೊಬ್ಬರಿಗೆ ಆರು ಬಟನ್, ನಡುವೆ ಒಂದು ಟ್ರ್ಯಾಕ್‌ಬಾಲ್ ಇರಬೇಕೆಂದಿದ್ದೇವೆ. ಕಂಪ್ಯೂಟರ್‌ನಲ್ಲಿ ಹಳೆಯ ಆರ್ಕೇಡ್ ಆಟಗಳನ್ನು ಆಡಿಸುವ ಮೇಮ್ ತಂತ್ರಾಂಶವಿದೆ. ಕೀಬೋರ್ಡ್ ಎನ್‌ಕೋಡರ್ ಬೋರ್ಡನ್ನು ಪ್ರತಿ ಆಟಕ್ಕೂ ಬೇರೆ ಬೇರೆಯಾಗಿ ಪ್ರೋಗ್ರಾಂ ಮಾಡಬೇಕೇ? ಯಾವ ಬಟನ್‌ಗೆ ಯಾವ ಕೀ ಕೊಡಬೇಕು? ಬೋರ್ಡನ್ನು ಕೊಳ್ಳುವುದು ಒಳ್ಳೆಯದೋ, ಆರ್ಡುಯಿನೋದಿಂದ (ಪ್ರೋಗ್ರಾಂ ಮಾಡಬಹುದಾದ ಸಣ್ಣ ಬೋರ್ಡು) ನಾವೇ ಮಾಡಿಕೊಳ್ಳುವುದು ಒಳ್ಳೆಯದೋ?

ಉತ್ತರ: ಪ್ರತಿ ಆಟಕ್ಕೂ ಬೋರ್ಡನ್ನು ಬದಲಿಸುವ ಅಗತ್ಯವಿಲ್ಲ, ಬದಲಿಸಬಾರದೆಂಬುದೇ ನಮ್ಮ ಸಲಹೆ. ಬೋರ್ಡಿಗೆ ಆಟದ ವಿಷಯ ಏನೂ ಗೊತ್ತಿರುವುದಿಲ್ಲ. ಬಟನ್ ಒತ್ತಿದಾಗ ಅದರ ಕೆಳಗಿನ ಮೈಕ್ರೋಸ್ವಿಚ್ ಮುಚ್ಚಿಕೊಂಡು ಬೋರ್ಡಿನ ಒಂದು ಪಿನ್ನನ್ನು ಗ್ರೌಂಡ್‌ಗೆ ಸೇರಿಸುತ್ತದೆ. ಬೋರ್ಡು ಅದನ್ನು ಗಮನಿಸಿ, ಆ ಪಿನ್ನಿಗೆ ನಿಗದಿಯಾದ ಕೀ ಒತ್ತಲಾಗಿದೆ ಎಂದು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ತಿಳಿಸುತ್ತದೆ, ಬಿಟ್ಟಾಗ ಬಿಡಲಾಗಿದೆ ಎಂದು ತಿಳಿಸುತ್ತದೆ. ಅದರ ಕೆಲಸ ಅಷ್ಟೇ. ಆ ಕೀಯಿಂದ ಗುಂಡು ಹಾರಬೇಕೋ, ಜಿಗಿಯಬೇಕೋ ಎಂಬುದನ್ನು ತೀರ್ಮಾನಿಸುವುದು ಮೇಮ್. ಬೋರ್ಡಿನ ಕೀ ನಕ್ಷೆಯನ್ನು ಒಮ್ಮೆ ನಿಗದಿಮಾಡಿ ಹಾಗೇ ಬಿಟ್ಟು, ಆಟದಿಂದ ಆಟಕ್ಕೆ ಬೇಕಾದ ಬದಲಾವಣೆಗಳನ್ನೆಲ್ಲ ಮೇಮ್‌ನಲ್ಲೇ ಮಾಡಿಕೊಂಡರೆ, ಮುಂದೆ ಏನಾದರೂ ಕೆಟ್ಟಾಗ ದೋಷ ತಂತಿಯಲ್ಲಿದೆಯೋ, ಬೋರ್ಡಿನಲ್ಲಿದೆಯೋ, ಆಟದ ಹೊಂದಾಣಿಕೆಯಲ್ಲಿದೆಯೋ ಎಂದು ಹುಡುಕುವುದು ಸುಲಭ. ಎರಡೂ ಕಡೆ ಕೈಯಾಡಿಸಿದವರಿಗೆ ಸ್ವಲ್ಪ ದಿನಗಳಲ್ಲೇ ಯಾವ ಬದಲಾವಣೆ ಎಲ್ಲಿ ಮಾಡಿದ್ದೆವೆಂಬುದು ಮರೆತುಹೋಗುತ್ತದೆ.

ಯಾವ ಕೀ ಎಂಬ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಸಿದ್ಧವಾಗಿಯೇ ಇದೆ. ಮೇಮ್ ಮೊದಲು ಹೊರಬಂದದ್ದು 1997ರ ಫೆಬ್ರವರಿಯಲ್ಲಿ. ಇಟಲಿಯ ನಿಕೋಲಾ ಸಾಲ್ಮೋರಿಯಾ ಅದನ್ನು ಆರಂಭಿಸಿದವರು. ಅದರಲ್ಲಿ ರೂಢಿಯಾದ ಕೀಗಳನ್ನೇ ಈ ಹವ್ಯಾಸದವರೆಲ್ಲ ಬಳಸುತ್ತಾರೆ. ಮೊದಲ ಆಟಗಾರನ ಜಾಯ್‌ಸ್ಟಿಕ್‌ಗೆ ನಾಲ್ಕು ಬಾಣದ ಕೀಗಳು. ಮೊದಲ ಬಟನ್‌ಗೆ ಎಡ ಕಂಟ್ರೋಲ್, ಎರಡನೆಯದಕ್ಕೆ ಎಡ ಆಲ್ಟ್, ಮೂರನೆಯದಕ್ಕೆ ಸ್ಪೇಸ್, ನಾಲ್ಕನೆಯದಕ್ಕೆ ಎಡ ಶಿಫ್ಟ್, ಐದು ಮತ್ತು ಆರಕ್ಕೆ ಝೆಡ್ ಮತ್ತು ಎಕ್ಸ್. ಎರಡನೆಯ ಆಟಗಾರನಿಗೆ ಮೇಲೆ, ಕೆಳಗೆ, ಎಡ, ಬಲಗಳಿಗೆ ಕ್ರಮವಾಗಿ ಆರ್, ಎಫ್, ಡಿ, ಜಿ; ಮೊದಲ ನಾಲ್ಕು ಬಟನ್‌ಗಳಿಗೆ ಎ, ಎಸ್, ಕ್ಯೂ, ಡಬ್ಲ್ಯೂ. ಉಳಿದ ಎರಡಕ್ಕೆ ಬೇರೆಲ್ಲೂ ಬಳಕೆಯಾಗದ ಯಾವುದಾದರೂ ಅಕ್ಷರಗಳನ್ನು ಕೊಟ್ಟು ಮೇಮ್‌ಗೆ ಒಮ್ಮೆ ತಿಳಿಸಿದರೆ ಸಾಕು. ನಾಣ್ಯ ಹಾಕುವುದಕ್ಕೆ 5 ಮತ್ತು 6, ಆಟ ಶುರುಮಾಡುವುದಕ್ಕೆ 1 ಮತ್ತು 2 ಎಂಬ ಅಂಕಿಯ ಕೀಗಳು. ಇದರ ಜೊತೆಗೆ ಮೆನುವಿಗೆ ಟ್ಯಾಬ್, ತಾತ್ಕಾಲಿಕವಾಗಿ ನಿಲ್ಲಿಸಲು ಪಿ (ಮೇಮ್‌ನ ಹೊಸ ಆವೃತ್ತಿಗಳಲ್ಲಿ ಎಫ್5), ಹೊರಬರಲು ಎಸ್ಕೇಪ್ ಬೇಕಾಗುತ್ತವೆ. ಇವುಗಳಿಗೆಂದು ಮುಂಭಾಗದಲ್ಲಿ ಪ್ರತ್ಯೇಕ ಬಟನ್ ಇಟ್ಟರೆ ಆಟದ ನಡುವೆ ಕೈತಾಗಿ ಆಟವೇ ಮುಚ್ಚಿಹೋಗುತ್ತದೆ. ಸಿದ್ಧ ಬೋರ್ಡುಗಳಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ: ಒಂದನೆಯ ಆಟಗಾರನ ಸ್ಟಾರ್ಟ್ ಬಟನ್ ಒತ್ತಿ ಹಿಡಿದಾಗ ಉಳಿದ ಬಟನ್‌ಗಳಿಗೆ ಎರಡನೆಯ ಅರ್ಥ ಬರುತ್ತದೆ. ಬ್ರಿಟನ್ನಿನ ಅಲ್ಟಿಮಾರ್ಕ್ ಸಂಸ್ಥೆಯ ಐ-ಪ್ಯಾಕ್ ಬೋರ್ಡಿನಲ್ಲಿ ಒಂದನೆಯ ಸ್ಟಾರ್ಟ್ ಹಿಡಿದು ಎರಡನೆಯ ಸ್ಟಾರ್ಟ್ ಒತ್ತಿದರೆ ಎಸ್ಕೇಪ್, ಜಾಯ್‌ಸ್ಟಿಕ್ ಬಲಕ್ಕೆ ತಳ್ಳಿದರೆ ಟ್ಯಾಬ್, ಮೊದಲ ಬಟನ್ ಒತ್ತಿದರೆ ನಾಣ್ಯ ಹಾಕಿದಂತೆ. ನೀವೇ ಪ್ರೋಗ್ರಾಂ ಬರೆದರೂ ಇದೇ ಪದ್ಧತಿಯನ್ನು ಅಳವಡಿಸಿಕೊಳ್ಳಿ.

ಕೊಳ್ಳುವುದೋ, ಮಾಡಿಕೊಳ್ಳುವುದೋ ಎಂಬುದನ್ನು ಪಿನ್ನುಗಳ ಲೆಕ್ಕವೇ ತೀರ್ಮಾನಿಸಲಿ. ಒಬ್ಬೊಬ್ಬರಿಗೆ ಜಾಯ್‌ಸ್ಟಿಕ್‌ಗೆ ನಾಲ್ಕು, ಬಟನ್‌ಗಳಿಗೆ ಆರು, ನಾಣ್ಯ ಮತ್ತು ಸ್ಟಾರ್ಟ್‌ಗೆ ಒಂದೊಂದು ಎಂದರೆ ಹನ್ನೆರಡು, ಇಬ್ಬರಿಗೆ ಇಪ್ಪತ್ತನಾಲ್ಕು. ಟ್ರ್ಯಾಕ್‌ಬಾಲ್‌ಗೆ ಇನ್ನೂ ನಾಲ್ಕು. ಐ-ಪ್ಯಾಕ್ 2ರಲ್ಲಿ 32 ಸ್ವಿಚ್‌ಗಳನ್ನು ಜೋಡಿಸಬಹುದು, ಆದ್ದರಿಂದ ಬಟನ್‌ಗಳ ಮಟ್ಟಿಗೆ ಅದು ಧಾರಾಳವಾಗಿ ಸಾಕು. ಆರ್ಡುಯಿನೋ ದಾರಿ ಹಿಡಿಯುವುದಾದರೆ ಊನೋ ಆರ್3 ಬೋರ್ಡನ್ನು ಕೊಳ್ಳಬೇಡಿ. ಅದರ ಮುಖ್ಯ ಚಿಪ್ಪಿಗೆ ಸ್ವಂತ ಯುಎಸ್‌ಬಿ ಇಲ್ಲದ ಕಾರಣ ಅದು ತಾನಾಗಿ ಕೀಬೋರ್ಡ್ ಆಗಿ ಕಾಣಿಸಿಕೊಳ್ಳುವುದಿಲ್ಲ. ಎಟಿಮೆಗಾ 32ಯು4 ಚಿಪ್ ಇರುವ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೋ ಬೇಕು. ಪ್ರೊ ಮೈಕ್ರೋದಲ್ಲಿ ಬಳಸಬಹುದಾದ ಪಿನ್ನುಗಳು 18 ಮಾತ್ರ ಇರುವುದರಿಂದ ನಿಮ್ಮ ಕ್ಯಾಬಿನೆಟ್ಟಿಗೆ ಒಂದು ಸಾಲದು. ನಮ್ಮ ಅಭಿಪ್ರಾಯದಲ್ಲಿ ಬಟನ್‌ಗಳಿಗೆ ಸಿದ್ಧ ಬೋರ್ಡನ್ನು ಕೊಂಡು, ಟ್ರ್ಯಾಕ್‌ಬಾಲ್‌ಗೆ ಮಾತ್ರ ಒಂದು ಪ್ರೊ ಮೈಕ್ರೋವನ್ನು ಬೇರೆಯಾಗಿ ಇಡುವುದು ಎಲ್ಲಕ್ಕಿಂತ ನೆಮ್ಮದಿಯ ದಾರಿ. ಎರಡೂ ತಮ್ಮತಮ್ಮ ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರ್ ಸೇರುತ್ತವೆ, ಒಂದರ ಕೆಲಸ ಇನ್ನೊಂದನ್ನು ನಿಧಾನಿಸುವುದಿಲ್ಲ. ಬಿಡಿ ಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಬಹುದು.

ಪ್ರಶ್ನೆ (ಶಿವಮೊಗ್ಗ): ಹಳೆಯ ಕೀಬೋರ್ಡೊಂದನ್ನು ಬಿಚ್ಚಿ, ಅದರೊಳಗಿನ ಸಣ್ಣ ಬೋರ್ಡಿಗೆ ಬಟನ್‌ಗಳನ್ನು ಬೆಸುಗೆ ಹಾಕಿ ಜೋಡಿಸಿದ್ದೇನೆ. ಒಂದೊಂದಾಗಿ ಒತ್ತಿದರೆ ಎಲ್ಲವೂ ಸರಿ. ಜಾಯ್‌ಸ್ಟಿಕ್ ಓರೆಯಾಗಿ ತಳ್ಳಿ ಎರಡು ಬಟನ್ ಒತ್ತಿದರೆ ಮಾತ್ರ ಕೆಲವೊಮ್ಮೆ ಒತ್ತದೇ ಇದ್ದ ಬಟನ್ ಕೆಲಸ ಮಾಡುತ್ತದೆ, ಕೆಲವೊಮ್ಮೆ ಒತ್ತಿದ್ದೇ ಕೆಲಸ ಮಾಡುವುದಿಲ್ಲ. ಆಟದ ನಡುವೆ ವಿಂಡೋಸ್ ಏನೋ ಒಂದು ಪ್ರಶ್ನೆಯನ್ನೂ ಪರದೆಯ ಮೇಲೆ ತರುತ್ತದೆ. ಬೆಸುಗೆಯಲ್ಲಿ ದೋಷವಿದೆಯೇ?

ಉತ್ತರ: ನಿಮ್ಮ ಬೆಸುಗೆ ಸರಿಯಾಗಿಯೇ ಇರಬೇಕು. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ಕಾರಣಗಳು ಸೇರಿಕೊಂಡಿವೆ.

ಮೊದಲನೆಯದು ಕೀಬೋರ್ಡಿನ ಒಳರಚನೆ. ನೂರಕ್ಕೂ ಹೆಚ್ಚು ಕೀಗಳಿಗೆ ತಲಾ ಒಂದು ಪಿನ್ ಕೊಡಲಾಗದೆ ಕೀಬೋರ್ಡ್ ಮಾಡುವವರು ತಂತಿಗಳನ್ನು ಅಡ್ಡಸಾಲು, ಕಂಬಸಾಲುಗಳಾಗಿ ಹೆಣೆದು, ಒಂದೊಂದು ಸಾಲನ್ನು ಸರದಿಯ ಪ್ರಕಾರ ಪರೀಕ್ಷಿಸುತ್ತಾರೆ. ಈ ಹೆಣಿಗೆಯಲ್ಲಿ ಒಂದು ಚೌಕದ ಮೂರು ಮೂಲೆಗಳ ಕೀಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ ಆ ಮೂರರ ಮೂಲಕ ಸುತ್ತಿ ಬಂದು ನಾಲ್ಕನೆಯ ಮೂಲೆಯ ಕೀಯೂ ಒತ್ತಿದಂತೆ ತೋರುತ್ತದೆ. ಇದನ್ನು ತಡೆಯಲು ಕೆಲವು ಕೀಬೋರ್ಡುಗಳು ಅನುಮಾನ ಬಂದ ಕೀಯನ್ನು ತಿಳಿಸದೆಯೇ ಬಿಟ್ಟುಬಿಡುತ್ತವೆ. ಒತ್ತಿದ ಬಟನ್ ಕೆಲಸ ಮಾಡದಿರುವುದಕ್ಕೆ ಅದು ಕಾರಣ. ಪ್ರತಿ ಸ್ವಿಚ್ಚಿಗೂ ಒಂದು 1ಎನ್4148 ಡಯೋಡನ್ನು ಒಂದೇ ದಿಕ್ಕಿನಲ್ಲಿ ಸೇರಿಸಿದರೆ ವಿದ್ಯುತ್ ಹಿಂದಕ್ಕೆ ಹರಿಯದೆ ಈ ಭೂತಕೀ ಮಾಯವಾಗುತ್ತದೆ, ಆದರೆ ಕೀಗಳನ್ನು ತಿಳಿಸದೆ ಬಿಡುವ ಕ್ರಮ ಚಿಪ್ಪಿನೊಳಗೇ ಬರೆದಿದ್ದರೆ ಡಯೋಡ್ ಹಾಕಿಯೂ ಪ್ರಯೋಜನವಿಲ್ಲ. ಆರ್ಕೇಡ್‌ಗೆಂದೇ ಮಾಡಿದ ಬೋರ್ಡುಗಳಲ್ಲಿ ಪ್ರತಿ ಬಟನ್‌ಗೂ ಸ್ವಂತ ಪಿನ್ ಇದ್ದು ಇನ್ನೊಂದು ತುದಿ ಎಲ್ಲಕ್ಕೂ ಸಮಾನವಾದ ಗ್ರೌಂಡ್‌ಗೆ ಹೋಗುವುದರಿಂದ ಈ ಸಮಸ್ಯೆಯ ಮೂಲವೇ ಅಲ್ಲಿರುವುದಿಲ್ಲ.

ಎರಡನೆಯದು ಯುಎಸ್‌ಬಿಯ ಮಿತಿ. ಸಾಧಾರಣ ಕೀಬೋರ್ಡ್ ಪ್ರತಿ ಬಾರಿ ಕಳಿಸುವ ವರದಿ ಎಂಟು ಬೈಟಿನದು. ಮೊದಲ ಬೈಟಿನ ಎಂಟು ಬಿಟ್‌ಗಳು ಎಡಬಲದ ಕಂಟ್ರೋಲ್, ಶಿಫ್ಟ್, ಆಲ್ಟ್, ವಿಂಡೋಸ್ ಕೀಗಳಿಗೆ ಮೀಸಲು, ಎರಡನೆಯ ಬೈಟು ಖಾಲಿ, ಉಳಿದ ಆರು ಬೈಟುಗಳಲ್ಲಿ ಏಕಕಾಲಕ್ಕೆ ಒತ್ತಿದ ಆರು ಕೀಗಳ ಸಂಖ್ಯೆಗಳು. ಏಳನೆಯ ಕೀಗೆ ಅಲ್ಲಿ ಜಾಗವಿಲ್ಲ. ಒಬ್ಬರೇ ಆಡುವಾಗ ಇದು ತೊಂದರೆ ಕೊಡುವುದಿಲ್ಲ. ಇಬ್ಬರೂ ಜಾಯ್‌ಸ್ಟಿಕ್ಕನ್ನು ಓರೆಯಾಗಿ ಹಿಡಿದರೆ ಅಷ್ಟಕ್ಕೇ ನಾಲ್ಕು ಕೀಗಳಾಗಿ, ಬಟನ್‌ಗಳಿಗೆ ಎರಡೇ ಜಾಗ ಉಳಿಯುತ್ತದೆ. ಮೊದಲ ಆಟಗಾರನ ಬಟನ್‌ಗಳಿಗೆ ಕಂಟ್ರೋಲ್, ಆಲ್ಟ್, ಶಿಫ್ಟ್ ಕೊಟ್ಟಿರುವುದರಲ್ಲಿ ಈ ದೃಷ್ಟಿಯಿಂದ ಒಂದು ಲಾಭವಿದೆ: ಅವು ಮೀಸಲು ಬೈಟಿನಲ್ಲಿ ಹೋಗುವುದರಿಂದ ಆರರ ಲೆಕ್ಕಕ್ಕೆ ಬರುವುದಿಲ್ಲ. ಬೋರ್ಡನ್ನು ಕೊಳ್ಳುವಾಗ ಅದು ಆರಕ್ಕಿಂತ ಹೆಚ್ಚು ಕೀಗಳನ್ನು ಒಟ್ಟಿಗೆ ಕಳಿಸಬಲ್ಲದೇ ಎಂದು ಕೇಳಿ ತಿಳಿದುಕೊಳ್ಳಿ.

ಪರದೆಯ ಮೇಲೆ ಬರುವ ಪ್ರಶ್ನೆ ಸ್ಟಿಕಿ ಕೀಸ್ ಎಂಬ ಸೌಲಭ್ಯದ್ದು. ಶಿಫ್ಟ್ ಕೀಯನ್ನು ಸತತವಾಗಿ ಐದು ಸಲ ಒತ್ತಿದರೆ ವಿಂಡೋಸ್ ಅದನ್ನು ಆರಂಭಿಸಲೇ ಎಂದು ಕೇಳುತ್ತದೆ, ನಾಲ್ಕನೆಯ ಬಟನ್ ಶಿಫ್ಟ್ ಆಗಿರುವ ಕಡೆ ಇದು ಆಗಿಯೇ ಆಗುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಆ ಶಾರ್ಟ್‌ಕಟ್ಟನ್ನು ತೆಗೆದುಹಾಕಿ. ಇದೇ ಜಾತಿಯ ಇನ್ನೊಂದು ತೊಂದರೆ ಕಂಟ್ರೋಲ್ ಮತ್ತು ಎಸ್ಕೇಪ್ ಒಟ್ಟಿಗೆ ಬಿದ್ದಾಗ ಸ್ಟಾರ್ಟ್ ಮೆನು ತೆರೆದುಕೊಳ್ಳುವುದು. ಆಟದಿಂದ ಹೊರಬರುವಾಗ ಮೊದಲ ಬಟನ್ನಿನ ಮೇಲೆ ಕೈ ಇರದಂತೆ ನೋಡಿಕೊಂಡರೆ ಸಾಕು.

ಪ್ರಶ್ನೆ (ದಾವಣಗೆರೆ): ಮೈಕ್ರೋಸ್ವಿಚ್ಚಿನಲ್ಲಿ ಮೂರು ಕಾಲುಗಳಿವೆ. ಯಾವುದಕ್ಕೆ ತಂತಿ ಜೋಡಿಸಬೇಕು? ಪ್ರತಿ ಬಟನ್‌ನಿಂದಲೂ ಬೇರೆ ಬೇರೆ ಗ್ರೌಂಡ್ ತಂತಿ ಎಳೆಯಬೇಕೇ?

ಉತ್ತರ: ‘ಕಾಮ್’ ಎಂದು ಬರೆದಿರುವುದಕ್ಕೆ ಗ್ರೌಂಡ್, ‘ಎನ್‌ಓ’ ಎಂದು ಬರೆದಿರುವುದಕ್ಕೆ ಬೋರ್ಡಿನ ಪಿನ್ನಿಂದ ಬರುವ ತಂತಿ. ‘ಎನ್‌ಸಿ’ ಕಾಲನ್ನು ಮುಟ್ಟಬೇಡಿ. ಅಲ್ಲಿ ಜೋಡಿಸಿದರೆ ಒತ್ತದೇ ಇರುವಾಗ ಕೀ ಒತ್ತಿದಂತಾಗಿ, ಒತ್ತಿದಾಗ ಬಿಟ್ಟಂತಾಗುತ್ತದೆ. ಗ್ರೌಂಡ್‌ಗೆ ಒಂದೇ ತಂತಿಯನ್ನು ಬಟನ್‌ನಿಂದ ಬಟನ್‌ಗೆ ಸರಪಳಿಯಂತೆ ಕೊಂಡೊಯ್ಯಬಹುದು. ಸರಪಳಿಯ ಕೊನೆಯ ತುದಿಯನ್ನೂ ತಂದು ಬೋರ್ಡಿನ ಗ್ರೌಂಡ್‌ಗೇ ಸೇರಿಸಿದರೆ ನಡುವೆ ಒಂದು ಕಡೆ ಸಡಿಲವಾದರೂ ಉಳಿದ ಬಟನ್‌ಗಳು ಕೆಲಸ ನಿಲ್ಲಿಸುವುದಿಲ್ಲ. ತಂತಿಯ ತುದಿಗೆ ಹಾಕುವ ಕ್ಲಿಪ್ಪುಗಳಲ್ಲಿ ಅಗಲದ ವ್ಯತ್ಯಾಸವಿದೆ ಎಂಬುದನ್ನು ನೆನಪಿಡಿ: ಅಮೆರಿಕದ ಹ್ಯಾಪ್ ಮಾದರಿಯ ಬಟನ್‌ಗಳಿಗೆ ಸಾಮಾನ್ಯವಾಗಿ 4.8 ಮಿಲಿಮೀಟರಿನದು, ಜಪಾನಿನ ಸಾನ್ವಾ ಮಾದರಿಯವಕ್ಕೆ 2.8 ಮಿಲಿಮೀಟರಿನದು. ಸಾನ್ವಾ ಬಟನ್‌ಗಳಲ್ಲಿ ಕಾಲುಗಳು ಎರಡೇ ಇರುವುದರಿಂದ ಯಾವುದಕ್ಕೆ ಯಾವ ತಂತಿ ಹಾಕಿದರೂ ನಡೆಯುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಗುಜರಿಗೆ ಹೋಗುತ್ತಿದ್ದ ಹಳೆಯ ಆಟದ ಯಂತ್ರದಿಂದ ಮೂರು ಇಂಚಿನ ಟ್ರ್ಯಾಕ್‌ಬಾಲ್ ಸಿಕ್ಕಿತು. ಆರು ತಂತಿಗಳಿವೆ. ಪ್ರೊ ಮೈಕ್ರೋಗೆ ಜೋಡಿಸಿ, ಬಟನ್‌ಗಳಿಗೆ ಬರೆದ ಪ್ರೋಗ್ರಾಮಿನಲ್ಲೇ ಅದನ್ನೂ ಓದುತ್ತಿದ್ದೇನೆ. ಅಡ್ಡಕ್ಕೆ ತಿರುಗಿಸಿದರೆ ಮೌಸ್ ಬಾಣ ಚಲಿಸುತ್ತದೆ, ಆದರೆ ಜೋರಾಗಿ ತಿರುಗಿಸಿದಾಗ ಹಿಂದಕ್ಕೂ ಹೋಗುತ್ತದೆ. ಮೇಲೆ ಕೆಳಗೆ ತಿರುಗಿಸಿದರೆ ಇದ್ದಲ್ಲೇ ನಡುಗುತ್ತದೆ. ಚೆಂಡು ಕೆಟ್ಟಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿನ ವಿವರ ಬಹಳ ಸ್ಪಷ್ಟವಾಗಿದೆ, ಎರಡು ದೋಷಗಳನ್ನೂ ಅದರಿಂದಲೇ ಗುರುತಿಸಬಹುದು.

ಚೆಂಡು ಮೂರು ಕಡೆ ಆಸರೆ ಪಡೆದು ಕೂತಿರುತ್ತದೆ. ಅವುಗಳಲ್ಲಿ ಒಂದು ಸುಮ್ಮನೆ ಆಧಾರಕ್ಕಿರುವ ಬೇರಿಂಗ್, ಇನ್ನೆರಡು ಒಂದಕ್ಕೊಂದು ಲಂಬವಾಗಿರುವ ಉರುಳೆಗಳು. ಪ್ರತಿ ಉರುಳೆಯ ತುದಿಯಲ್ಲಿ ಸೀಳುಗಳಿರುವ ಚಕ್ರವೊಂದು, ಅದರ ಒಂದು ಪಕ್ಕದಲ್ಲಿ ಅವಗೆಂಪು ಬೆಳಕು, ಇನ್ನೊಂದು ಪಕ್ಕದಲ್ಲಿ ಎರಡು ಬೆಳಕುಗ್ರಾಹಿಗಳು. ಒಂದೇ ಗ್ರಾಹಿ ಇದ್ದಿದ್ದರೆ ಚಕ್ರ ಎಷ್ಟು ತಿರುಗಿತೆಂದು ತಿಳಿಯುತ್ತಿತ್ತೇ ಹೊರತು ಯಾವ ಕಡೆಗೆಂದು ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಎರಡನೆಯ ಗ್ರಾಹಿಯನ್ನು ಸೀಳಿನ ಸುತ್ತಿನ ಕಾಲು ಭಾಗದಷ್ಟು ಸರಿಸಿ ಇಟ್ಟಿರುತ್ತಾರೆ. ಎರಡನ್ನೂ ಎ, ಬಿ ಎಂದುಕೊಳ್ಳೋಣ. ಚಕ್ರ ಒಂದು ಕಡೆ ತಿರುಗಿದಾಗ ಅವುಗಳ ಜೋಡಿ ಬೆಲೆ 00, 01, 11, 10 ಎಂಬ ಕ್ರಮದಲ್ಲಿ ಸುತ್ತುತ್ತದೆ, ಇನ್ನೊಂದು ಕಡೆ ತಿರುಗಿದಾಗ ಅದೇ ಕ್ರಮ ಹಿಂದುಮುಂದಾಗುತ್ತದೆ. ಎರಡು ಉರುಳೆಗಳಿಗೆ ತಲಾ ಎರಡು ಸಂಕೇತದ ತಂತಿಗಳು, ಜೊತೆಗೆ 5 ವೋಲ್ಟ್ ಮತ್ತು ಗ್ರೌಂಡ್; ನೀವು ಕಂಡ ಆರು ತಂತಿಗಳು ಇವೇ.

ಇದ್ದಲ್ಲೇ ನಡುಗುವುದನ್ನು ಈಗ ನೋಡಿ. ಬಿ ತಂತಿ ಕಡಿದಿದ್ದು ಅದು ಸದಾ 0 ಎಂದೇ ಓದಿಸುತ್ತಿದೆಯೆಂದು ಭಾವಿಸಿದರೆ, ಚಕ್ರ ಎಷ್ಟೇ ತಿರುಗಿದರೂ ಜೋಡಿ ಬೆಲೆ 00ರಿಂದ 10ಕ್ಕೆ, ಅಲ್ಲಿಂದ ಮತ್ತೆ 00ಕ್ಕೆ ಬರುತ್ತಿರುತ್ತದೆ. ಪ್ರೋಗ್ರಾಂ ಅದನ್ನು ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ ಎಂದು ಲೆಕ್ಕ ಹಾಕುವುದರಿಂದ ಬಾಣ ಇದ್ದಲ್ಲೇ ಅಲುಗುತ್ತದೆ. ಅಂದರೆ ಮೇಲೆ ಕೆಳಗಿನ ಚಲನೆಯನ್ನು ಓದುವ ನಿಮ್ಮ ಉರುಳೆಯ ಎರಡು ಸಂಕೇತಗಳಲ್ಲಿ ಒಂದು ಬರುತ್ತಿಲ್ಲ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಗ್ರೌಂಡ್‌ಗೆ ಹಿಡಿದು, ಚಕ್ರವನ್ನು ಬೆರಳಿನಿಂದ ಬಹಳ ನಿಧಾನವಾಗಿ ತಿರುಗಿಸುತ್ತ ಎರಡೂ ಸಂಕೇತದ ತಂತಿಗಳನ್ನು ಒಂದಾದ ಮೇಲೊಂದರಂತೆ ಅಳೆಯಿರಿ. ಸರಿಯಿರುವ ತಂತಿಯಲ್ಲಿ ಓದು 0ರ ಸಮೀಪಕ್ಕೂ 5ರ ಸಮೀಪಕ್ಕೂ ಹಾರುತ್ತಿರುತ್ತದೆ. ಹಾರದ ತಂತಿ ಸಿಕ್ಕಿದರೆ ಮೊದಲು ಕನೆಕ್ಟರ್, ಆಮೇಲೆ ಸೀಳುಗಳಲ್ಲಿ ಕೂತ ಧೂಳು, ಆಮೇಲೆ ಗ್ರಾಹಿ ಎಂಬ ಕ್ರಮದಲ್ಲಿ ನೋಡಿ. ಅವಗೆಂಪು ಬೆಳಕು ಕಣ್ಣಿಗೆ ಕಾಣದಿದ್ದರೂ ಹಲವು ಮೊಬೈಲ್ ಫೋನುಗಳ ಕ್ಯಾಮೆರಾದಲ್ಲಿ ಮಸುಕಾಗಿ ಕಾಣುತ್ತದೆ. ದೀಪ ಉರಿಯುತ್ತಿದೆಯೇ ಎಂದು ತಿಳಿಯಲು ಅದು ಸುಲಭದ ದಾರಿ. ತಂತಿಯ ಬಣ್ಣವನ್ನು ಮಾತ್ರ ನಂಬಬೇಡಿ, ತಯಾರಕರಿಂದ ತಯಾರಕರಿಗೆ ಅದು ಬದಲಾಗುತ್ತದೆ. 5 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲಾದರೆ ಗ್ರಾಹಿಗಳು ಸುಟ್ಟುಹೋಗಬಹುದಾದ್ದರಿಂದ, ಟ್ರ್ಯಾಕ್‌ಬಾಲಿನ ಒಳಗಿನ ಸಣ್ಣ ಬೋರ್ಡಿನ ಗುರುತುಗಳನ್ನು ನೋಡಿ ಖಚಿತಪಡಿಸಿಕೊಂಡ ಮೇಲೆಯೇ ವಿದ್ಯುತ್ ಕೊಡಿ.

ಜೋರಾಗಿ ತಿರುಗಿಸಿದಾಗ ಬಾಣ ಹಿಂದಕ್ಕೆ ಹೋಗುವುದು ತಂತಿಯ ದೋಷವಲ್ಲ, ಪ್ರೋಗ್ರಾಮಿನದು. ಒಂದು ಅಂದಾಜು ಲೆಕ್ಕ ಹಾಕೋಣ. ಚಕ್ರದಲ್ಲಿ 24 ಸೀಳುಗಳಿದ್ದು, ಚೆಂಡು ಒಂದು ಸುತ್ತು ತಿರುಗುವಷ್ಟರಲ್ಲಿ ಉರುಳೆ ಆರು ಸುತ್ತು ತಿರುಗುತ್ತದೆಂದು ಇಟ್ಟುಕೊಂಡರೆ 144 ಸೀಳುಗಳು ದಾಟುತ್ತವೆ. ಪ್ರತಿ ಸೀಳಿಗೆ ನಾಲ್ಕು ಬದಲಾವಣೆಗಳಂತೆ 576. ಆಟದ ಭರದಲ್ಲಿ ಚೆಂಡು ಸೆಕೆಂಡಿಗೆ ಐದು ಸುತ್ತು ತಿರುಗಿದರೆ 2880 ಬದಲಾವಣೆಗಳಾಗಿ, ಒಂದರಿಂದ ಇನ್ನೊಂದಕ್ಕೆ ಸುಮಾರು 350 ಮೈಕ್ರೋಸೆಕೆಂಡಿನ ಅಂತರ ಮಾತ್ರ ಉಳಿಯುತ್ತದೆ. ಬಟನ್‌ಗಳ ಕಥೆ ಬೇರೆ. ಮೈಕ್ರೋಸ್ವಿಚ್ ಮುಚ್ಚಿಕೊಳ್ಳುವಾಗ ಅದರ ಲೋಹದ ತುಟಿಗಳು ಕೆಲವು ಸಲ ಅದುರಿ ಒಂದೇ ಒತ್ತು ಹಲವು ಒತ್ತುಗಳಂತೆ ಕಾಣುವುದರಿಂದ, ಸುಮಾರು 5 ಮಿಲಿಸೆಕೆಂಡು ಕಾಯುವುದು ವಾಡಿಕೆ. ನೀವು ಆ ಕಾಯುವಿಕೆಯನ್ನು ಪ್ರೋಗ್ರಾಮಿನಲ್ಲಿ ‘ಡಿಲೇ’ ಎಂದು ಬರೆದಿದ್ದರೆ, ಆ 5 ಮಿಲಿಸೆಕೆಂಡಿನಲ್ಲಿ ಟ್ರ್ಯಾಕ್‌ಬಾಲಿನ ಹದಿನಾಲ್ಕು ಬದಲಾವಣೆಗಳು ಕಣ್ತಪ್ಪಿ ಹೋಗುತ್ತವೆ. ಎರಡು ಓದುಗಳ ನಡುವೆ ಮೂರು ಹೆಜ್ಜೆ ಮುಂದೆ ಹೋದದ್ದೂ ಒಂದು ಹೆಜ್ಜೆ ಹಿಂದೆ ಬಂದದ್ದೂ ಜೋಡಿ ಬೆಲೆಯಲ್ಲಿ ಒಂದೇ ಆಗಿ ಕಾಣುತ್ತದೆ. ಬಾಣ ಹಿಂದಕ್ಕೆ ಓಡುವುದು ಅದರಿಂದಲೇ.

ಪರಿಹಾರವೆಂದರೆ ಟ್ರ್ಯಾಕ್‌ಬಾಲನ್ನು ಸರದಿಯಲ್ಲಿ ಓದುವುದನ್ನು ಬಿಟ್ಟು ಇಂಟರಪ್ಟ್‌ಗೆ ಒಪ್ಪಿಸುವುದು. ಪ್ರೊ ಮೈಕ್ರೋದಲ್ಲಿ 0, 1, 2, 3 ಮತ್ತು 7ನೆಯ ಪಿನ್ನುಗಳಿಗೆ ಆ ಸೌಲಭ್ಯವಿದೆ. ಮೊದಲ ನಾಲ್ಕಕ್ಕೆ ನಾಲ್ಕು ಸಂಕೇತಗಳನ್ನು ಕೊಡಿ. ಬದಲಾವಣೆಯಾದ ಕ್ಷಣದಲ್ಲೇ ಚಿಪ್ಪು ಬೇರೆ ಕೆಲಸ ನಿಲ್ಲಿಸಿ ಹೊಸ ಜೋಡಿ ಬೆಲೆಯನ್ನು ಹಳೆಯದರೊಡನೆ ಹೋಲಿಸಿ ಎಣಿಕೆಗೆ ಒಂದನ್ನು ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಇಂಟರಪ್ಟಿನೊಳಗೆ ಅಷ್ಟೇ ಇರಲಿ. ಕಂಪ್ಯೂಟರ್‌ಗೆ ಕಳಿಸುವ ಕೆಲಸವನ್ನು ಅಲ್ಲಿ ಮಾಡಬೇಡಿ. ಕೂಡಿದ ಎಣಿಕೆಯನ್ನು ಪ್ರೋಗ್ರಾಮಿನ ಮುಖ್ಯ ಸುರುಳಿಯಲ್ಲಿ (ಮತ್ತೆ ಮತ್ತೆ ನಡೆಯುವ ಲೂಪ್) ಮೌಸ್ ಚಲನೆಯಾಗಿ ಕಳಿಸಿ. ಒಂದು ಸಲಕ್ಕೆ 127ಕ್ಕಿಂತ ಹೆಚ್ಚು ಕಳಿಸಲಾಗದಾದ್ದರಿಂದ ಮಿಕ್ಕದ್ದನ್ನು ಎಸೆಯದೆ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಬಟನ್‌ಗಳ ಕಾಯುವಿಕೆಗೆ ‘ಡಿಲೇ’ ಬದಲು, ಕೊನೆಯ ಬದಲಾವಣೆ ಆದ ಸಮಯವನ್ನು ಬರೆದಿಟ್ಟುಕೊಂಡು ಹೋಲಿಸುವ ಕ್ರಮವನ್ನು ಬಳಸಿ. ಒತ್ತಿದ ಕೂಡಲೇ ಕೀಯನ್ನು ತಿಳಿಸಿ, ಆಮೇಲಿನ 5 ಮಿಲಿಸೆಕೆಂಡಿನ ಅದುರುವಿಕೆಯನ್ನು ಅಲಕ್ಷಿಸಿದರೆ ಆಟದಲ್ಲಿ ತಡವೂ ಆಗುವುದಿಲ್ಲ.

ಮುಂದೆ ಎಂದಾದರೂ ರಾಸ್ಪ್‌ಬೆರಿ ಪೈ ಪೀಕೋ ಎಂಬ ಇನ್ನೊಂದು ಸಣ್ಣ ಬೋರ್ಡಿಗೆ ಬದಲಾಯಿಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ: ಅದರ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟಿನ ಸಂಕೇತವನ್ನು ನೇರವಾಗಿ ಕೊಡುವಂತಿಲ್ಲ. ನಡುವೆ ಮಟ್ಟ ಇಳಿಸುವ ಸಣ್ಣ ಬೋರ್ಡೋ, ಎರಡು ರೆಸಿಸ್ಟರುಗಳ ವಿಭಾಜಕವೋ ಬೇಕು. ಅಷ್ಟು ಮಾಡಿದರೆ, ಪೀಕೋದಲ್ಲಿರುವ ಪಿಐಓ ಎಂಬ ಪ್ರತ್ಯೇಕ ಭಾಗ ಮುಖ್ಯ ಪ್ರೋಗ್ರಾಮಿಗೆ ಯಾವ ತೊಂದರೆಯನ್ನೂ ಕೊಡದೆ ಈ ಎಣಿಕೆಯನ್ನು ತಾನೇ ನೋಡಿಕೊಳ್ಳಬಲ್ಲದು.

ಪ್ರಶ್ನೆ (ಮಂಗಳೂರು): ಟ್ರ್ಯಾಕ್‌ಬಾಲ್ ವಿಂಡೋಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಮೇಮ್‌ನಲ್ಲಿ ಏನೂ ಆಗುವುದಿಲ್ಲ. ಇನ್ನೊಂದು ಕ್ಯಾಬಿನೆಟ್ಟಿನಲ್ಲಿ ಕೆಲಸ ಮಾಡುತ್ತದೆ, ಆದರೆ ಒಂದು ಆಟದಲ್ಲಿ ಅತಿ ವೇಗ, ಇನ್ನೊಂದರಲ್ಲಿ ಅತಿ ನಿಧಾನ. ಬೋರ್ಡಿನಲ್ಲಿ ಏನನ್ನು ಬದಲಿಸಲಿ?

ಉತ್ತರ: ಬೋರ್ಡಿನಲ್ಲಿ ಏನನ್ನೂ ಬದಲಿಸಬೇಡಿ. ಮೇಮ್ ತಾನಾಗಿ ಮೌಸನ್ನು ಗಮನಿಸದಂತೆ ಇರಬಹುದು. ಮೇಮ್‌ನ ಕಡತಗಳಿರುವ ಜಾಗದಲ್ಲಿ ಮೇಮ್ ಡಾಟ್ ಐಎನ್ಐ ಎಂಬ ಹೊಂದಾಣಿಕೆಯ ಕಡತವನ್ನು ತೆರೆದು ‘ಮೌಸ್’ ಎಂಬ ಸಾಲಿನ ಮುಂದೆ 0 ಇದ್ದರೆ 1 ಎಂದು ಬರೆದು ಉಳಿಸಿ. ಬೋರ್ಡು ಟ್ರ್ಯಾಕ್‌ಬಾಲನ್ನು ಮೌಸ್ ಎಂದೇ ಪರಿಚಯಿಸುವುದರಿಂದ ಇದೊಂದೇ ಸಾಲು ಸಾಕಾಗುತ್ತದೆ.

ವೇಗದ ವ್ಯತ್ಯಾಸ ಸಹಜವಾದದ್ದು, ಏಕೆಂದರೆ ಪ್ರತಿ ಆಟವನ್ನೂ ಅದರದೇ ಚೆಂಡಿಗೆ, ಅದರದೇ ಉರುಳೆಗೆ ತಕ್ಕಂತೆ ಬರೆಯಲಾಗಿತ್ತು. ಅಟಾರಿಯ ಮಿಸೈಲ್ ಕಮಾಂಡ್ 1980ರದು. ಮೂರು ನೆಲೆಗಳಿಂದ ಹಾರಿಸಲು ಮೂರು ಬಟನ್‌ಗಳು, ಗುರಿಯಿಡಲು ಟ್ರ್ಯಾಕ್‌ಬಾಲ್. ಮರುವರ್ಷ ಬಂದ, ಎಡ್ ಲಾಗ್ ಮತ್ತು ಡೋನಾ ಬೈಲಿ ರೂಪಿಸಿದ ಸೆಂಟಿಪೀಡ್‌ನಲ್ಲಿ ಚೆಂಡಿನ ಜೊತೆ ಒಂದೇ ಬಟನ್. ಮೊದಲನೆಯದರಲ್ಲಿ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಬೀಸಿನಲ್ಲಿ ಹೋಗಬೇಕು, ಎರಡನೆಯದರಲ್ಲಿ ಅಣಬೆಗಳ ನಡುವೆ ಸಣ್ಣ ಸಣ್ಣ ಚಲನೆಗಳು ಬೇಕು. ಆಟ ನಡೆಯುತ್ತಿರುವಾಗ ಟ್ಯಾಬ್ ಒತ್ತಿ, ಮೆನುವಿನಲ್ಲಿ ಅನಲಾಗ್ ನಿಯಂತ್ರಣಗಳ ಭಾಗಕ್ಕೆ ಹೋದರೆ ಟ್ರ್ಯಾಕ್‌ಬಾಲಿನ ಎರಡೂ ಅಕ್ಷಗಳಿಗೆ ಸೆನ್ಸಿಟಿವಿಟಿ ಮತ್ತು ರಿವರ್ಸ್ ಎಂಬ ಸಾಲುಗಳಿರುತ್ತವೆ. ಇಲ್ಲಿ ಮಾಡಿದ ಬದಲಾವಣೆ ಆ ಆಟದ ಹೆಸರಿನ ಕಡತದಲ್ಲಿ ಉಳಿಯುವುದರಿಂದ ಬೇರೆ ಆಟಗಳು ಕೆಡುವುದಿಲ್ಲ. ಆದರೆ ಎಲ್ಲ ಆಟಗಳಲ್ಲೂ ಚೆಂಡು ಉಲ್ಟಾ ದಿಕ್ಕಿಗೆ ಹೋಗುತ್ತಿದ್ದರೆ ಅದನ್ನು ಮೆನುವಿನಲ್ಲಿ ಸರಿಪಡಿಸುವುದು ಸರಿಯಲ್ಲ. ಆ ಅಕ್ಷದ ಎ ಮತ್ತು ಬಿ ತಂತಿಗಳನ್ನು ಅದಲುಬದಲು ಮಾಡಿ. ಅಡ್ಡ ತಿರುಗಿಸಿದರೆ ಮೇಲೆ ಕೆಳಗೆ ಹೋಗುವುದಾದರೆ ಎರಡು ಜೋಡಿಗಳನ್ನೇ ಪರಸ್ಪರ ಬದಲಿಸಬೇಕು. ಹೊಂದಾಣಿಕೆಗೆ ಕೂರುವ ಮೊದಲು ಉರುಳೆಗಳನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ಕೊಳೆ ಕಟ್ಟಿದ ಉರುಳೆಯ ಮೇಲೆ ಚೆಂಡು ಜಾರುತ್ತಿರುವಾಗ ಯಾವ ಅಂಕಿಯೂ ಹೊಂದುವುದಿಲ್ಲ.

ಪ್ರಶ್ನೆ (ಬೆಂಗಳೂರು): ನನ್ನ ತಂದೆಯವರಿಗೆ ಪಾರ್ಶ್ವವಾಯುವಾದ ಮೇಲೆ ಬಲಗೈ ಬೆರಳುಗಳು ಸರಿಯಾಗಿ ಆಡುವುದಿಲ್ಲ. ಮೌಸ್ ಹಿಡಿದು ಕ್ಲಿಕ್ ಮಾಡುವುದು ಅವರಿಗೆ ಕಷ್ಟ. ಆಟಕ್ಕೆ ಬಳಸುವ ದೊಡ್ಡ ಟ್ರ್ಯಾಕ್‌ಬಾಲ್ ಮತ್ತು ಬಟನ್‌ಗಳನ್ನು ಅವರ ಕಂಪ್ಯೂಟರ್‌ಗೆ ಜೋಡಿಸಬಹುದೇ? ಅವರು ಕನ್ನಡದಲ್ಲಿ ಬರೆಯುತ್ತಾರೆ.

ಉತ್ತರ: ಖಂಡಿತವಾಗಿ ಜೋಡಿಸಬಹುದು, ಮತ್ತು ಈ ಬೋರ್ಡುಗಳಿಗೆ ಇದಕ್ಕಿಂತ ಸಾರ್ಥಕವಾದ ಉಪಯೋಗ ನಮಗೆ ತೋಚುವುದಿಲ್ಲ. ಮೂರು ಇಂಚಿನ ಚೆಂಡನ್ನು ಅಂಗೈಯಿಂದಲೇ ಉರುಳಿಸಬಹುದು, ಕೈಯನ್ನು ಎತ್ತಿ ಇಡುವ ಅಗತ್ಯವಿಲ್ಲ. 30 ಮಿಲಿಮೀಟರಿನ ಬಟನ್ನನ್ನು ಮುಷ್ಟಿಯ ಪಕ್ಕದಿಂದಲೂ ಒತ್ತಬಹುದು.

ಹೊಂದಾಣಿಕೆ ಮಾತ್ರ ಆಟಕ್ಕೆ ಮಾಡುವುದಕ್ಕಿಂತ ಬೇರೆ. ಕೈ ನಡುಗಿ ಒಂದೇ ಬಟನ್ ಎರಡು ಸಲ ಒತ್ತಿಹೋಗುತ್ತಿದ್ದರೆ ಆಟದ 5 ಮಿಲಿಸೆಕೆಂಡಿನ ಬದಲು ಕಾಯುವಿಕೆಯನ್ನು ನೂರಾರು ಮಿಲಿಸೆಕೆಂಡಿಗೆ ಏರಿಸಿ, ತಂದೆಯವರ ಜೊತೆ ಕೂತು ಅವರಿಗೆ ಹಿತವಾಗುವ ಮಟ್ಟವನ್ನು ಕಂಡುಕೊಳ್ಳಿ. ಬಟನ್ ಒತ್ತಿ ಹಿಡಿದುಕೊಂಡೇ ಚೆಂಡು ಉರುಳಿಸುವುದು ಅವರಿಗೆ ಅಸಾಧ್ಯವಾಗಬಹುದು. ಆದ್ದರಿಂದ ಒಂದು ಬಟನ್ನನ್ನು ‘ಒಮ್ಮೆ ಒತ್ತಿದರೆ ಮೌಸಿನ ಎಡಕ್ಲಿಕ್ ಹಿಡಿದಂತೆ, ಮತ್ತೊಮ್ಮೆ ಒತ್ತಿದರೆ ಬಿಟ್ಟಂತೆ’ ಎಂದು ಪ್ರೋಗ್ರಾಂ ಮಾಡಿ. ಆ ಬಟನ್ನಿನೊಳಗೆ ಎಲ್‌ಇಡಿ ದೀಪವಿದ್ದು ಹಿಡಿದಿರುವಷ್ಟು ಹೊತ್ತು ಬೆಳಗಿದರೆ ಅವರಿಗೆ ಗೊಂದಲವಾಗುವುದಿಲ್ಲ. ಎರಡು ಸಲ ಕ್ಲಿಕ್ ಮಾಡುವುದಕ್ಕೆ ಒಂದು ಪ್ರತ್ಯೇಕ ಬಟನ್, ಪುಟ ಮೇಲೆ ಕೆಳಗೆ ಸರಿಸುವುದಕ್ಕೆ ಎರಡು. ಶಿವಮೊಗ್ಗದವರಿಗೆ ನಾವು ತೆಗೆದುಹಾಕಲು ಹೇಳಿದ ಸ್ಟಿಕಿ ಕೀಸ್ ಇಲ್ಲಿ ಬೇಕೇ ಬೇಕು. ಶಿಫ್ಟನ್ನೂ ಅಕ್ಷರವನ್ನೂ ಒಟ್ಟಿಗೆ ಹಿಡಿಯಲಾಗದವರಿಗೆಂದೇ ಅದನ್ನು ರೂಪಿಸಿದ್ದಾರೆ.

ಕನ್ನಡದ ಬಗ್ಗೆ ಚಿಂತೆ ಬೇಡ. ಬೋರ್ಡು ಕಳಿಸುವುದು ಅಕ್ಷರವನ್ನಲ್ಲ, ಕೀಬೋರ್ಡಿನ ಮೇಲೆ ಆ ಕೀ ಇರುವ ಸ್ಥಾನದ ಸಂಖ್ಯೆಯನ್ನು. ಅದು ಕನ್ನಡದ ‘ಕ’ ಆಗಬೇಕೋ ಇಂಗ್ಲಿಷಿನ ‘ಕೆ’ ಆಗಬೇಕೋ ಎಂಬುದನ್ನು ಕಂಪ್ಯೂಟರಿನಲ್ಲಿರುವ ಕೀಲಿಮಣೆ ವಿನ್ಯಾಸವೇ ನಿರ್ಧರಿಸುತ್ತದೆ. ಅವರು ನುಡಿ ತಂತ್ರಾಂಶದ ಕಗಪ ವಿನ್ಯಾಸದಲ್ಲಿ ಬರೆಯುವವರಾದರೆ ಅದೇ ಮುಂದುವರಿಯುತ್ತದೆ. ಅಕ್ಷರಗಳಿಗೆ ಅವರ ಈಗಿನ ಕೀಬೋರ್ಡೇ ಇರಲಿ, ಅದರಲ್ಲಿ ಕೈಗೆ ಎಟುಕದ ಒತ್ತಕ್ಷರದ ಕೀಯನ್ನೋ ಭಾಷೆ ಬದಲಿಸುವ ಕೀಗಳ ಜೋಡಿಯನ್ನೋ ಒಂದು ದೊಡ್ಡ ಬಟನ್ನಿಗೆ ಕೊಡಿ. ವಿಂಡೋಸ್‌ನಲ್ಲಿ ಭಾಷೆ ಬದಲಿಸಲು ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಬೇಕಾಗುತ್ತದೆ. ಬೋರ್ಡು ಎರಡನ್ನೂ ಒಂದೇ ಬಟನ್ನಿನಿಂದ ಕಳಿಸಬಲ್ಲದು.

ಪ್ರಶ್ನೆ (ಧಾರವಾಡ): ಪ್ರೊ ಮೈಕ್ರೋಗೆ ಪ್ರೋಗ್ರಾಂ ಹಾಕಿದ ಮೇಲೆ ಅದು ನಿಲ್ಲದೆ ಒಂದೇ ಕೀಯನ್ನು ಒತ್ತುತ್ತಿದೆ. ಸರಿಯಾದ ಪ್ರೋಗ್ರಾಂ ಹಾಕಲೂ ಬಿಡುತ್ತಿಲ್ಲ. ಜೊತೆಗೆ, ಬಟನ್‌ಗಳ ನಕ್ಷೆಯನ್ನು ಕ್ಯಾಬಿನೆಟ್ಟಿನಿಂದಲೇ ಬದಲಿಸುವಂತೆ ಮಾಡಿದರೆ ವಿದ್ಯುತ್ ಹೋದಾಗ ಅದು ಅಳಿಸಿಹೋಗುತ್ತದೆಯೇ?

ಉತ್ತರ: ಬೋರ್ಡು ಹಾಳಾಗಿಲ್ಲ. ರೀಸೆಟ್ ಪಿನ್ನನ್ನು ಗ್ರೌಂಡ್‌ಗೆ ಬೇಗಬೇಗನೆ ಎರಡು ಸಲ ತಾಗಿಸಿದರೆ ಪ್ರೊ ಮೈಕ್ರೋ ಸುಮಾರು ಎಂಟು ಸೆಕೆಂಡು, ಹೊಸ ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಳ್ಳುವ ತನ್ನ ಬೂಟ್‌ಲೋಡರಿನಲ್ಲೇ ಕಾಯುತ್ತದೆ, ಆ ಅವಧಿಯಲ್ಲಿ ಹಳೆಯ ಪ್ರೋಗ್ರಾಂ ನಡೆಯುವುದಿಲ್ಲ. ಬೇರೊಂದು ಕಂಪ್ಯೂಟರಿನಲ್ಲಿ ಸರಿಪಡಿಸಿದ ಪ್ರೋಗ್ರಾಮನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಅಪ್‌ಲೋಡ್ ಒತ್ತಿ, ಅದು ಪೋರ್ಟ್ ಹುಡುಕುವ ಹಂತಕ್ಕೆ ಬಂದಾಗ ಹೀಗೆ ರೀಸೆಟ್ ಮಾಡಿದರೆ ಹೊಸದು ಒಳಗೆ ಹೋಗುತ್ತದೆ. ಮತ್ತೆ ಹೀಗಾಗದಂತೆ ಒಂದು ಪಿನ್ನನ್ನು ಕಾವಲಿಗೆ ಬಿಟ್ಟುಬಿಡಿ: ಅದು ಗ್ರೌಂಡ್‌ಗೆ ಸೇರಿರುವಾಗ ಮಾತ್ರ ಕೀಗಳನ್ನು ಕಳಿಸುವಂತೆ ಪ್ರೋಗ್ರಾಂ ಬರೆದರೆ, ತೊಂದರೆ ಕಂಡಾಗ ಆ ತಂತಿಯನ್ನು ತೆಗೆದರೆ ಎಲ್ಲವೂ ನಿಲ್ಲುತ್ತದೆ. ಒತ್ತದಿರುವಾಗ ಪಿನ್ನನ್ನು 1ರಲ್ಲೇ ಹಿಡಿದಿಡುವ ಒಳಗಿನ ಪುಲ್-ಅಪ್ ರೆಸಿಸ್ಟರನ್ನು ಪಿನ್ನಿಗೆ ಚಾಲೂ ಮಾಡಿದ್ದೀರೇ ಎಂಬುದನ್ನೂ ನೋಡಿ. ಮಾಡದಿದ್ದರೆ ಏನೂ ಜೋಡಿಸದ ಪಿನ್ ತಾನಾಗಿ 0 ಎಂದು ಓದಿಸಿ, ನಿಮಗಾದಂತೆ ಒತ್ತದ ಕೀಯನ್ನು ಒತ್ತಿಸುತ್ತಿರುತ್ತದೆ.

ನಕ್ಷೆಯನ್ನು ಚರಗಳಲ್ಲಿ ಮಾತ್ರ ಇಟ್ಟರೆ ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. 32ಯು4 ಚಿಪ್ಪಿನಲ್ಲಿ ವಿದ್ಯುತ್ ಹೋದರೂ ಅಳಿಸದ, ಒಂದು ಕಿಲೋಬೈಟಿನ ಈಇಪ್ರಾಮ್ ಎಂಬ ಜಾಗವಿದೆ. ಪ್ರತಿ ಬಟನ್ನಿಗೆ ಒಂದು ಬೈಟಿನಂತೆ ಹಲವು ನಕ್ಷೆಗಳಿಗೆ ಅದು ಸಾಕು. ಆ ಜಾಗಕ್ಕೆ ಸುಮಾರು ಒಂದು ಲಕ್ಷ ಸಲ ಬರೆಯುವ ಆಯಸ್ಸಿರುವುದರಿಂದ ಪ್ರತಿ ಸುರುಳಿಯಲ್ಲೂ ಬರೆಯದೆ, ಬೆಲೆ ನಿಜವಾಗಿ ಬದಲಾದಾಗ ಮಾತ್ರ ಬರೆಯುವ ‘ಅಪ್‌ಡೇಟ್’ ಆದೇಶವನ್ನು ಬಳಸಿ. ಹಾಗೆ ಉಳಿಸಿದ ನಕ್ಷೆಯ ಒಂದು ಪ್ರತಿಯನ್ನು, ಯಾವ ಪಿನ್ನಿಗೆ ಯಾವ ಬಟನ್ ಎಂಬ ಪಟ್ಟಿಯ ಸಮೇತ, ಕಾಗದದಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬಾಗಿಲಿಗೆ ಅಂಟಿಸಿಡಿ.